ತೋಳು ನೋಡುವ ಲೈಟ್ ಡಾಕ್ಟ್ರು

ಹೊಳೆನರಸೀಪುರದ ಬಸ್‌ಸ್ಟ್ಯಾಂಡ್ ಹಿಂದೆ ಫಿಸಿಯೋಥೆರಪಿ ಕೋಣೆ ಇಟ್ಟುಕೊಂಡಿರುವ ವಸಿಷ್ಠನನ್ನು ಸುತ್ತಿನ ಹಳ್ಳಿಗಳು ಕರೆಯುವುದೇ ಲೈಟ್ ಡಾಕ್ಟ್ರು ಎಂದು. ಹಾವು ಕಚ್ಚಿ, ಆಸ್ಪತ್ರೆಯಲ್ಲಿ ವಿಷ ಇಳಿಸಿಕೊಂಡು ಬದುಕಿದವರ ಕಾಲಲ್ಲಿ ತಿಂಗಳುಗಟ್ಟಲೆ ಉಳಿಯುವ ನೋವನ್ನು ಅವನ ಕಾವು ಕೊಡುವ ಕೆಂಪು ದೀಪ ಅಷ್ಟಿಷ್ಟು ಸಡಿಲಿಸುತ್ತದೆ. ಹಾವು ಎನ್ನಲು ಹೆದರುವ ಜನ "ಹುಳ ಮುಟ್ಟಿತ್ತು ಸಾ" ಎಂದು ಕಾಲು ಚಾಚಿದರೆ, "ಕಾಲು ಆಮೇಲೆ, ಮೊದ್ಲು ತೋಳು ತೋರ್ಸಿ" ಎನ್ನುತ್ತಾನೆ. ತೋಳಿನಲ್ಲಿ ಆಸ್ಪತ್ರೆಯವರು ವಿಷಕ್ಕೆ ಮದ್ದು ಹರಿಸಿದ ಡ್ರಿಪ್ ಸೂಜಿಯ ಗುರುತು ಕಾಣದೆ ಅವನ ಕೈ ಸ್ವಿಚ್ಚಿಗೆ ಹೋಗುವುದಿಲ್ಲ. ಸಾಕ್ಷಾತ್ ಆದಿಶೇಷನೇ ಬಾಲ ನೋಯುತ್ತಿದೆಯೆಂದು ಬಂದರೂ "ತೋಳೆಲ್ಲಿ?" ಎಂದು ಕೇಳುವವನೇ. ಗುರುತಿಲ್ಲದವರನ್ನು ಬೈಯುತ್ತಲೇ ಸ್ಕೂಟರಿಗೆ ಹತ್ತಿಸಿಕೊಂಡು ಆಸ್ಪತ್ರೆಗೆ ಓಡುತ್ತಾನೆ. ದೀಪ ಹೊತ್ತಿದೊಡನೆ ಯಾರಾದರೂ ರೂಢಿಯಂತೆ ಕೈಮುಗಿದರಂತೂ ರೇಗಿಬಿಡುತ್ತಾನೆ: "ಇದು ದೇವ್ರಲ್ಲ, ಬಲ್ಬು. ಕೈ ಇಳಿಸಿ!" "ಅಂಗನ್ಬ್ಯಾಡಿ ಸಾ, ಯಾವ್ದಾದ್ರೂ ದೀಪ ದೀಪಾನೇ ಅಲ್ವರಾ" ಎಂದಳೊಮ್ಮೆ ಹಳೇಕೋಟೆಯ ಸುಬ್ಬಮ್ಮ. ಅವನು ತಾನೇ ಅವಳ ಮುಗಿದ ಕೈಗಳನ್ನು ಬಿಡಿಸಿ ಕೆಳಗಿಳಿಸಿದ. ದೀಪ ತಂದ ಹೊಸತರಲ್ಲಿ, ಪೂಜೆಗೆ ಹೂ ಬಿಡಿಸುತ್ತಿದ್ದ ಅವನ ತಾಯಿ ಗೋದಮ್ಮನಿಗೆ ಹಾವು ಕಚ್ಚಿತ್ತು. "ಮಗನ ದೀಪ ಇರೋವಾಗ ಆಸ್ಪತ್ರೆ ಯಾಕೆ?" ಎಂದು ನೆರೆಯವರನ್ನು ವಾಪಸ್ ಕಳಿಸಿದ ಆಕೆ, ಈ ಕೋಣೆಗೆ ನಡೆದು ಬಂದು ತಾನೇ ಸ್ವಿಚ್ಚು ಹಾಕಿಕೊಂಡು ಕೂತಿದ್ದಳು. ಹಾಸನಕ್ಕೆ ಹೋಗಿದ್ದ ವಸಿಷ್ಠ ಮರಳಿದಾಗ ದೀಪ ಉರಿಯುತ್ತಲೇ ಇತ್ತು. ಉಸಿರು ನಿಂತಿದ್ದ ತಾಯಿಯ ಕೈಗಳು ಮಡಿಲಲ್ಲಿ ಇನ್ನೂ ಮುಗಿದೇ ಇದ್ದವು.