ಸಸ್ಪೆಂಡ್ ಅಂದರೆ ಮನೆ ಬಿಡಬೇಕಾ?

ಇವತ್ತು ಪೋಸ್ಟಿನವರು ಕಂದು ಕವರೊಂದನ್ನು ಕೊಟ್ಟುಹೋದರು. ಅದರ ಅಂಟಿನ ವಾಸನೆಗೇ ಚಿಕ್ಕಂದಿನ ಇನ್ನೊಂದು ಕವರು ನೆನಪಾಯಿತು.

ಮಾಚೇನಹಳ್ಳಿಯಲ್ಲಿ ಅಪ್ಪ ದುಡಿಯುತ್ತಿದ್ದ ಕಾರ್ಖಾನೆಯವರೇ ನಮಗೆ ಮನೆ ಕೊಟ್ಟಿದ್ದರು. ಇಂಗ್ಲಿಷ್ ಕಾಗದ ಬಂದರೆ, ಓದಬಲ್ಲವರು ಸಿಗುವವರೆಗೆ ಅಮ್ಮ ಅದನ್ನು ಒಡೆಯದೆ ದೇವರ ಮುಂದಿಡುತ್ತಿದ್ದಳು. ಅಪ್ಪ ಸೂಪರ್‌ವೈಸರ್ ಜೊತೆ ಜಗಳವಾಡಿದ ಮಾರನೇ ವಾರ ಬಂದದ್ದನ್ನು ಮಾತ್ರ ತಡೆಯಲಾರದೆ ನಾನೇ ಒಡೆದೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ‘ಸಸ್ಪೆಂಡ್’ ಎಂದು ಕೂಡಿಸಿ ಓದಿ, “ಅಪ್ಪನ್ನ ಕೆಲಸದಿಂದ ತೆಗ್ದಿದಾರೆ” ಎಂದುಬಿಟ್ಟೆ. ಅಮ್ಮ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬತೊಡಗಿದಳು.

ಪಕ್ಕದ ಮನೆಯ ಫಿಟ್ಟರ್ ಸೆಲ್ವಂ ಮಾಮ ಶಿಫ್ಟ್ ಮುಗಿಸಿ ಬಂದು ಕಾಗದ ನೋಡಿದರು.

“ಯಾರು ಓದಿದ್ದು, ಈ ಲಾಯರಮ್ಮನಾ? ಡಿಸ್ಮಿಸ್ ಅಂದ್ರೆ ಕೆಲ್ಸಾನೂ ಹೋಯ್ತು, ಮನೇನೂ ಹೋಯ್ತು. ಲೇ-ಆಫ್ ಅಂದ್ರೆ ಈಗ ಕೆಲ್ಸ ಇಲ್ಲ, ಬಂದಾಗ ಕರೀತಾರೆ. ಇದು ಸಸ್ಪೆಂಡು. ವಿಚಾರಣೆ ಮುಗಿಯೋವರ್ಗೂ ಹೊರಗಿರು ಅಂತ.”

“ಮುಗಿದ್ಮೇಲೆ ಏನಣ್ಣ?” ಅಮ್ಮ ಕೇಳಿದಳು.

“ನೋಡೋಣ ತಾಯಿ.”

ಅಮ್ಮ ಅನ್ನದ ಪಾತ್ರೆಯೊಂದನ್ನೇ ಚೀಲದಿಂದ ತೆಗೆದಳು. ಉಳಿದವು ಹೊರಬಂದದ್ದು, ಅಪ್ಪ ಮತ್ತೆ ಕೆಲಸಕ್ಕೆ ಹೋದ ದಿನ.

ಇವತ್ತಿನ ಕವರು ದೇವರ ಮುಂದಿದೆ. ಮಗಳು ಕಾಲೇಜಿನಿಂದ ಬರಲಿ, ನಾನಂತೂ ಒಡೆಯುವುದಿಲ್ಲ.