ತಾಯಿ ಸೀರಿಯಲ್ಲಿಂದ ಮರಿ ಸೀರಿಯಲ್ಲಿಗೆ

ಮನುಷ್ಯಕುಲದ ಚರಿತ್ರೆಯೆಂದರೆ ವಲಸೆಯ ಚರಿತ್ರೆ. ಹುಟ್ಟಿದ ನೆಲ ಬಿಟ್ಟು ಹೊರಟವನೇ ಹೊಸ ಲೋಕವನ್ನು ಕಂಡವನು. ನಾನು ಹೊರಟಿದ್ದು ಚೇಳೂರಿನಿಂದ ಕುಣಿಗಲ್ಲಿಗೆ. ತಿಂಡಿ ತಿಂದು ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಮುಗಿಯುವ ವಲಸೆ. ಜಿಲ್ಲೆ ಕೂಡ ಬದಲಾಗಲಿಲ್ಲ.

ಆದರೂ ಹೊಸ ಲೋಕ ಕಂಡಿದ್ದು ನಿಜ. ಮೊದಲ ಸಂಜೆ ಟ್ರಂಕು ಇಳಿಸಿ ನಡುಮನೆಗೆ ಕಾಲಿಟ್ಟರೆ, ಟೀವಿಯಲ್ಲಿ ಅರ್ಧ ದವಡೆ ಇಲ್ಲದ ಹೆಂಗಸೊಬ್ಬಳು ನನ್ನ ಕಡೆಗೇ ನಡೆದು ಬರುತ್ತಿದ್ದಳು. ಅವಳೆದುರಿಗೆ ಕೂತು ಗಿರಿಜಳ ಮಗಳು ಚೈತ್ರ ನೆಮ್ಮದಿಯಾಗಿ ಮಂಡಕ್ಕಿ ತಿನ್ನುತ್ತಿದ್ದಳು.

“ಯಾರಮ್ಮ ಇವರು?” ಎಂದೆ.

“ಸತ್ತೋರು.”

“ಪಾಪ, ಯಾವಾಗ?”

“ಆಗ್ಲೇ ಸತ್ತವ್ರೆ ಅಂಕಲ್. ಈಗ ಎದ್ದು ತಿನ್ನಕ್ಕೆ ಬರ್ತಾವ್ರೆ.”

ಇಲ್ಲಿ ಗಿರಿಜಳ ವಿಷಯ ಹೇಳಬೇಕು. ಊರಿನವರಿಗೆ ಸುದ್ದಿ ಮುಟ್ಟಿದೆ, ವಿವರ ಮುಟ್ಟಿಲ್ಲ. ನನ್ನ ಹೆಂಡತಿ ಲಲಿತ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ, ಯಾವ ಬಸ್ಸು ಯಾವ ಊರಿಗೆ ಎಂದು ಕೂಗಿ ಕೂಗಿ ರಿಟೈರಾಗಿದ್ದೆ. ಗಿರಿಜ ಕುಣಿಗಲ್ಲಿನವಳು, ಹೊಲಿಗೆ ಅಂಗಡಿ ನಡೆಸುತ್ತಾಳೆ, ಅವಳಿಗೂ ಗಂಡ ಇರಲಿಲ್ಲ. ಇಬ್ಬರೂ ಹೆಚ್ಚು ಸದ್ದು ಮಾಡದೆ ಮದುವೆಯಾದೆವು. ಅಂಗಡಿಯನ್ನು ಚೇಳೂರಿಗೆ ಸಾಗಿಸುವುದಕ್ಕಿಂತ ನನ್ನನ್ನು ಕುಣಿಗಲ್ಲಿಗೆ ಸಾಗಿಸುವುದು ಸುಲಭವೆಂದು ತೀರ್ಮಾನವಾಯಿತು. ಚೇಳೂರಿನ ಮನೆಯನ್ನು ಬಾಡಿಗೆಗೆ ಕೊಟ್ಟು ಬಂದೆ.

ಅಲ್ಲಿ ಬೀದಿಗಿಳಿದರೆ ಸಾಕು, “ಎಲ್ಲಿಗೆ?” ಎಂದು ನಾಲ್ಕು ಜನ ಕೇಳುತ್ತಿದ್ದರು, ನನಗೆ ರೇಗುತ್ತಿತ್ತು. ಇಲ್ಲಿ ಕೆರೆ ಏರಿಯ ತುದಿಯ ತನಕ ಹೋಗಿ ಬಂದರೂ ಯಾರೂ ಕೇಳಲಿಲ್ಲ, ಅದಕ್ಕೂ ರೇಗಿತು. ಅಲ್ಲಿನ ಸಾರಿನಲ್ಲಿ ಕಾಯಿ ಮುಂದು, ಇಲ್ಲಿ ಹುಣಸೆಹಣ್ಣು ಮುಂದು. ಇದು ಕುಣಿಗಲ್ಲಿನ ಗುಣವೋ ಗಿರಿಜಳ ಕೈಗುಣವೋ ಎಂದು ವಿಚಾರಿಸುವ ಧೈರ್ಯ ಇನ್ನೂ ಮಾಡಿಲ್ಲ.

ಹೊಸ ಜಾಗಕ್ಕೆ ಹೋದವನು ಅಲ್ಲಿನ ಭಾಷೆ ಕಲಿಯಬೇಕು. ನನ್ನ ಮೊದಲ ಪದ ‘ಜಾಂಬಿ’: ಸತ್ತ ಮೇಲೂ ಹಸಿವು ಬಿಡದವರು. ಎರಡನೆಯದು ‘ಸ್ಪಿನ್ ಆಫ್’: ಓಡುತ್ತಿರುವ ಸೀರಿಯಲ್ಲಿನ ಮಗ್ಗುಲಲ್ಲಿ ಹುಟ್ಟಿಕೊಳ್ಳುವ ಇನ್ನೊಂದು ಸೀರಿಯಲ್. ಒಂದು ರೂಟಿನಲ್ಲಿ ಜನ ಹೆಚ್ಚಾದಾಗ ಎಕ್ಸ್‌ಟ್ರಾ ಬಸ್ಸು ಬಿಡುತ್ತಾರಲ್ಲ, ಹಾಗೆ. ಚೈತ್ರ ಎರಡನ್ನೂ ಹಾಕಿ ತೋರಿಸಿದಳು. ತಾಯಿ ಸೀರಿಯಲ್, ಮರಿ ಸೀರಿಯಲ್ ಎಂದು ನಾನು ಹೆಸರಿಟ್ಟೆ.

ತಾಯಿಯಲ್ಲಿ ಕಥೆ ಶುರುವಾಗುವ ಹೊತ್ತಿಗೆ ಲೋಕ ಮುಳುಗಿಹೋಗಿರುತ್ತದೆ. ಉಳಿದವರು ಗುಂಪು ಕಟ್ಟಿಕೊಂಡು ನಡೆಯುತ್ತಾರೆ, ಒಂದು ನೆಲೆ ಹಿಡಿಯುತ್ತಾರೆ, ಅದೂ ಹೋಗುತ್ತದೆ, ಮತ್ತೆ ನಡೆಯುತ್ತಾರೆ. ಎಲ್ಲರೂ ಗಟ್ಟಿಗರು, ಯಾರಿಗೂ ಒಂದು ನೆಗಡಿ ಕೂಡ ಆಗುವುದಿಲ್ಲ. ಮರಿಯಲ್ಲಿ ಲೋಕ ಇನ್ನೂ ಮುಳುಗಬೇಕು. ಬೇರೆ ಊರು, ಬೆಳಿಗ್ಗೆ ಹಾಲು ಬರುತ್ತದೆ, ಶಾಲೆ ನಡೆಯುತ್ತದೆ, ಏನೋ ಸರಿಯಿಲ್ಲ ಎಂದು ಜನಕ್ಕೆ ಅನ್ನಿಸುತ್ತಿರುತ್ತದೆ ಅಷ್ಟೆ. ಅಲ್ಲೊಬ್ಬ ತಾಯಿ, ಅವಳ ಮಗಳು, ನಡುವೆ ಬಂದು ಸೇರಿಕೊಂಡ ಒಬ್ಬ ಗಂಡಸು. ಅವನಿಗೆ ಕತ್ತಿ ಬೀಸಲು ಬರದು. ಸೋರುವ ನಲ್ಲಿ ಸರಿಮಾಡುತ್ತಾನೆ. ನನಗೆ ಮರಿಯೇ ಹಿಡಿಸಿತು.

“ಅಯ್ಯೋ ಬುಡಿ ಅಂಕಲ್,” ಎಂದಳು ಚೈತ್ರ. “ತಾಯಿ ಮುಂದೆ ಇದ್ಯಾವ ಲೆಕ್ಕ? ಇದು ಬೇಕು ಅಂತ ಯಾರ್ ಕೇಳಿದ್ರು?”

“ಅವನು ನಲ್ಲಿ ರಿಪೇರಿ ಮಾಡಿದನಲ್ಲಮ್ಮ.”

“ಲೋಕ ಮುಳುಗ್ತಿರೋವಾಗ ನಲ್ಲಿ ತಗೊಂಡ್ ಏನ್ಮಾಡ್ತಾರೆ? ಆ ಹುಡುಗಿ ಅಪ್ಪನ ಜಾಗದಲ್ಲಿ ಬಂದು ಕೂತವ್ನೆ, ಅಷ್ಟೆ.”

ಟೀವಿಯಲ್ಲಿ ಯಾರೋ ಕಿರುಚಿದರು. ಸ್ವಲ್ಪ ಹೊತ್ತಾದ ಮೇಲೆ ಚೈತ್ರ ಮಂಡಕ್ಕಿ ಬಟ್ಟಲನ್ನು ನನ್ನ ಕಡೆ ತಳ್ಳಿದಳು. ನಾನು ಒಂದು ಹಿಡಿ ತೆಗೆದುಕೊಂಡೆ. ಯಾವ ಸೀರಿಯಲ್ ದೊಡ್ಡದು ಎಂಬ ಚರ್ಚೆ ಅಂದಿಗೆ ಅಲ್ಲಿಗೇ ನಿಂತಿತು.

ಅಷ್ಟರಲ್ಲಿ ಪಿತೃಪಕ್ಷ ಬಂತು. ಸತ್ತವರು ಎದ್ದು ಬಂದರೆ ಆ ಸೀರಿಯಲ್ಲಿನವರು ಯಾಕೆ ಅಷ್ಟು ಗಾಬರಿ ಬೀಳುತ್ತಾರೋ ನನಗೆ ತಿಳಿಯದು. ನಮ್ಮಲ್ಲಿ ವರ್ಷಕ್ಕೊಮ್ಮೆ ಬಂದೇ ಬರುತ್ತಾರೆ. ನಾವೇ ಕರೆದು, ಹೊಸ ಬಟ್ಟೆ ಇಟ್ಟು, ಅವರಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಬಡಿಸಿ ಎಡೆ ಇಡುತ್ತೇವೆ. ಅವರು ಸಂಕೋಚವಿಲ್ಲದೆ ಉಣ್ಣಲೆಂದು ಬಾಗಿಲು ಮುಂದಕ್ಕೆಳೆದು ಆಚೆ ನಿಲ್ಲುತ್ತೇವೆ. ಹೊಟ್ಟೆ ತುಂಬಿದವರು ಯಾರನ್ನೂ ಕಚ್ಚುವುದಿಲ್ಲ.

ಚೈತ್ರಳ ಅಪ್ಪನ ಎಡೆಗೆ ಪಂಚೆ ತರಲು ಗಿರಿಜ ನನ್ನನ್ನೇ ತುಮಕೂರಿಗೆ ಕಳಿಸಿದಳು. ಗೌರವದ ಕೆಲಸ; ಒಳ್ಳೆ ಅಂಚಿನದನ್ನೇ ಆರಿಸಿದೆ. ಆದರೆ ಲಲಿತಳ ಎಡೆ? ಇಷ್ಟು ವರ್ಷ ಚೇಳೂರಿನ ಮನೆಯಲ್ಲಿ ಇಡುತ್ತಿದ್ದೆ. ಈಗ ಅಲ್ಲಿ ಬಾಡಿಗೆಯವರು. ಕುಣಿಗಲ್ಲಿನ ಗೋಡೆಯ ಮೇಲೆ ಚೈತ್ರಳ ಅಪ್ಪನ ಫೋಟೋ. ಲಲಿತಳದು ನನ್ನ ಟ್ರಂಕಿನೊಳಗೆ. ಗಿರಿಜಳನ್ನು ಕೇಳಲು ಬಾಯಿ ಬರಲಿಲ್ಲ. ಅಮಾವಾಸ್ಯೆಯ ಬೆಳಿಗ್ಗೆ ಏನಾದರೂ ನೆಪ ಹೇಳಿ ಚೇಳೂರಿಗೆ ಹೋಗಿ, ಬಾಡಿಗೆಯವರನ್ನು ಕೇಳಿಕೊಂಡು ಜಗುಲಿಯ ಮೂಲೆಯಲ್ಲಿ ಒಂದು ಎಲೆ ಹಾಕಿ ಬರುವುದೆಂದು ನಿಶ್ಚಯಿಸಿದೆ. ಪಂಚೆಯ ಜೊತೆಗೆ ಒಂದು ಸೀರೆಯನ್ನೂ ಕೊಂಡೆ.

ತುಮಕೂರಿನಲ್ಲೇ ಡಿಗ್ರಿ ಓದುವ ಚೈತ್ರ ಬಸ್ ಸ್ಟ್ಯಾಂಡಿನಲ್ಲಿ ಜೊತೆಯಾದಳು. ಸೀಟಿನಲ್ಲಿ ಕೂತದ್ದೇ ಚೀಲದೊಳಗೆ ಇಣುಕಿದಳು.

“ಸೀರೆ ಅಮ್ಮಂಗಾ?”

“ಅಲ್ಲಮ್ಮ.” ಸುಳ್ಳು ಹೊಳೆಯಲಿಲ್ಲ, ಇದ್ದದ್ದನ್ನು ಹೇಳಿದೆ.

“ಆಂಟಿ ಫೋಟೋ ಎಲ್ಲೈತೆ?”

“ಟ್ರಂಕಲ್ಲಿ.”

“ಟ್ರಂಕಲ್ಲಾ! ಅವ್ರೇನ್ ಜಾಂಬೀನಾ, ಬೀಗ ಹಾಕಿಡಕ್ಕೆ?” ಎಂದಳು. ಆಮೇಲೆ ದನಿ ತಗ್ಗಿಸಿ, “ನಮ್ಮನೇಲೇ ಇಡಿ ಅಂಕಲ್. ಮುಂದಿನ ಸೀಸನ್ನಲ್ಲಿ ತಾಯಿ ಸೀರಿಯಲ್ಲಿನವರೊಬ್ರು ಮರಿಗೆ ಬರ್ತಾರೆ, ಗೊತ್ತಾ? ಯಾರೂ ಏನೂ ಅನ್ನಲ್ಲ. ಬಂದ್ರು, ಕೂತ್ರು, ಅಷ್ಟೆ.”

“ಅವಳು ಒಬ್ಬಳೇ ಅಷ್ಟು ದೂರ ಬಂದವಳಲ್ಲ ಕಣಮ್ಮ. ಗುಬ್ಬಿಗೆ ಬರಬೇಕು, ತುಮಕೂರಲ್ಲಿ ಇಳಿದು ಇನ್ನೊಂದು ಬಸ್ಸು ಹಿಡೀಬೇಕು.”

“ನೀವ್ ಕೂಗಿ ಹೇಳಿ. ಜೀವಮಾನವೆಲ್ಲ ಮಾಡಿದ್ದು ಅದೇ ಕೆಲಸ ಅಲ್ವಾ?”

ನಾನು ಕಿಟಕಿಯ ಕಡೆ ತಿರುಗಿ ಕೂತೆ. ಬಸ್ಸು ಹೊರಟ ಮೇಲೆ ಕಣ್ಣಿಗೆ ಧೂಳು ಬೀಳುವುದು ಸಹಜ. ನಮ್ಮದು ಇನ್ನೂ ಹೊರಟಿರಲಿಲ್ಲ.

ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ತಾಯಿಗೆ ಎಲ್ಲ ಹೇಳಿದಳು. ಗಿರಿಜ ಹೊಲಿಗೆ ನಿಲ್ಲಿಸಿ ನನ್ನನ್ನೇ ನೋಡಿದಳು.

“ನಾನೇನ್ ಬೇಡ ಅಂತಿದ್ನಾ? ಅಕ್ಕಂಗೆ ಏನಿಷ್ಟ ಅಂತ ಮೊದ್ಲೇ ಹೇಳ್ಬಾರ್ದಾ? ಬೇಳೆ ನೆನೆಯೋದು ಯಾವಾಗ, ನಾನು ರುಬ್ಬೋದು ಯಾವಾಗ?”

“ಆಂಬೊಡೆ,” ಎಂದೆ. ಅವಳು ಲಲಿತಳನ್ನು ಅಕ್ಕ ಎಂದದ್ದು ಅದೇ ಮೊದಲು.

ಈಗ ಚೇಳೂರಿನವರು ಫೋನ್ ಮಾಡಿ “ಯಾವಾಗ ಬರ್ತೀಯಪ್ಪ ಊರಿಗೆ?” ಎನ್ನುತ್ತಾರೆ. ಬರ್ತೀನಿ ಎನ್ನುತ್ತೇನೆ. ಕುಣಿಗಲ್ಲಿನವರು “ಯಾವೂರು ನಿಮ್ದು?” ಎನ್ನುತ್ತಾರೆ. ಚೇಳೂರು ಎನ್ನುತ್ತೇನೆ. ಎರಡು ಉತ್ತರವೂ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಚೈತ್ರಳಿಗೆ ನಾನು ಇವತ್ತಿಗೂ ಅಂಕಲ್. ಮರಿ ಸೀರಿಯಲ್ ಬಗ್ಗೆ ಅವಳ ಅಭಿಪ್ರಾಯವೂ ಬದಲಾಗಿಲ್ಲ.

ಆ ಅಮಾವಾಸ್ಯೆಯ ದಿನ ಕುಣಿಗಲ್ಲಿನ ಮನೆಯಲ್ಲಿ ಎರಡು ಎಲೆ ಹಾಕಿ ಎಡೆ ಇಟ್ಟು, ಬಾಗಿಲು ಮುಂದಕ್ಕೆಳೆದು, ಮೂವರೂ ಆಚೆ ನಿಂತೆವು.