ಒಂಬತ್ತನೆಯ ಮುಖ

ಕ್ಯಾಮೆರಾ ಕೊಳ್ಳಲು ಬರುವವರಲ್ಲಿ ನೂರಕ್ಕೆ ತೊಂಬತ್ತು ಮಂದಿ ಮೊದಲು ಕೇಳುವುದು ಎಷ್ಟು ಮೆಗಾಪಿಕ್ಸೆಲ್ ಎಂದು. ಆ ಪ್ರಶ್ನೆ ಕಿವಿಗೆ ಬಿದ್ದರೆ ನನಗೆ ಮೈ ಉರಿಯುತ್ತದೆ. ಉಡುಪಿಯ ಸರ್ವಿಸ್ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಅಂಗಡಿ ಇಟ್ಟುಕೊಂಡಿರುವ ನಾನು ಗಿರಾಕಿಗಳನ್ನು ಕೇಳುವ ಪ್ರಶ್ನೆಗಳೇ ಬೇರೆ. ಮನೆಯಲ್ಲಿ ಎಷ್ಟು ಜನ? ಓಡಾಡುವ ಮಕ್ಕಳಿದ್ದಾರೆಯೇ? ಪ್ರವಾಸ ಹೋದಾಗ ಕ್ಯಾಮೆರಾ ಯಾರ ಕೈಯಲ್ಲಿರುತ್ತದೆ? ಇಷ್ಟು ತಿಳಿದರೆ ಉಳಿದದ್ದನ್ನು ನನಗೆ ಬಿಡಬಹುದು. ಹೀಗೆ ತನಿಖೆ ಮಾಡಿಯೇ ಅರ್ಧ ವ್ಯಾಪಾರ ಕೆಡಿಸಿಕೊಂಡಿದ್ದೇನೆ ಎಂದು ನನ್ನ ಹೆಂಡತಿ ಸೌಮ್ಯಶ್ರೀ ಹೇಳುತ್ತಾಳೆ. ಅವಳ ಮಾತು ಸುಳ್ಳಲ್ಲ.

ಮೊಬೈಲ್ ಬಂದ ಮೇಲೆ ಅಂಗಡಿಯಲ್ಲಿ ನೊಣ ಹೊಡೆಯುವುದೇ ಕೆಲಸವಾಗಿತ್ತು. ಈಗ ಎರಡು ವರ್ಷಗಳಿಂದ ಮಣಿಪಾಲದ ಕಾಲೇಜು ಹುಡುಗಿಯರು ಹಳೆಯ ಪುಟ್ಟ ಡಿಜಿಟಲ್ ಕ್ಯಾಮೆರಾಗಳನ್ನು ಹುಡುಕಿಕೊಂಡು ಬರುತ್ತಿದ್ದಾರೆ. ಫೋಟೋ ಸ್ವಲ್ಪ ಮಸುಕಾಗಿ ಬಂದರೆ ಅವರಿಗೆ ಖುಷಿಯಂತೆ. ಮಸುಕಾಗಬಾರದೆಂದು ಅರ್ಧ ಆಯುಷ್ಯ ಜನರಿಗೆ ಪಾಠ ಹೇಳಿದವನು ನಾನು. ಬಾಯಿ ಮುಚ್ಚಿಕೊಂಡು ಡ್ರಾಯರ್ ಎಳೆದು ತೋರಿಸುತ್ತೇನೆ.

ಅಂಥ ಹುಡುಗಿಯರೇ ದಾರಿ ಹೇಳಿ ಕಳುಹಿಸಿದ್ದರಿಂದ ಹೋದ ನವೆಂಬರಿನಲ್ಲಿ ಲೊರ್ನಾ ಬಾಯಿ ನನ್ನ ಅಂಗಡಿಗೆ ಬಂದರು. ಕ್ರೈಸ್ತ ಹೆಂಗಸರನ್ನು ನಮ್ಮ ಕಡೆ ಮರ್ಯಾದೆಯಿಂದ ಬಾಯಿ ಎಂದು ಕರೆಯುವುದು ರೂಢಿ. ವಯಸ್ಸು ಅರವತ್ತರ ಆಸುಪಾಸು, ನೀಲಿ ಸೀರೆ, ಮಳೆ ನಿಂತು ತಿಂಗಳಾದರೂ ಕೈಯಲ್ಲಿ ಕೊಡೆ. ಎಡ ಮೊಣಕಾಲು ಸರಿಯಾಗಿ ಮಡಚುವುದಿಲ್ಲ. ಹಾಗಾಗಿ ಕೊಡೆಯನ್ನೇ ಊರಿಕೊಂಡು ನಡೆಯುತ್ತಾರೆ, ಆದರೆ ಊರುಗೋಲು ಹಿಡಿಯಿರಿ ಎಂದರೆ ಮುಖ ಸಿಂಡರಿಸುತ್ತಾರೆ. ಕಾಪುವಿನವರು. ಮಣಿಪಾಲದ ಒಂದು ಖಾಸಗಿ ಲೇಡೀಸ್ ಹಾಸ್ಟೆಲಿನಲ್ಲಿ ಹನ್ನೆರಡು ವರ್ಷಗಳಿಂದ ವಾರ್ಡನ್. ನೂರ ಅರವತ್ತು ಹುಡುಗಿಯರು. ಸಂಜೆ ಏಳಕ್ಕೆ ಅವರ ತಲೆ ಎಣಿಸುವುದು, ರಜೆ ಬಂದಾಗ ಊರಿಗೆ ಹೋಗುವ ಚೀಟಿಗೆ ಸಹಿ ಹಾಕುವುದು, ಕೊನೆಯ ಹುಡುಗಿ ಹೋದ ಮೇಲೆ ಮೂರು ಮಹಡಿಗಳ ಫ್ಯಾನು ಲೈಟು ಆರಿಸಿ ಬರುವುದು. ಮದುವೆಯಾಗಿಲ್ಲ.

ನಾನು ಎಂದಿನಂತೆ ತನಿಖೆ ಶುರು ಮಾಡಿದೆ. ಕ್ರಿಸ್ಮಸ್ಸಿಗೆ ಮನೆಯವರೆಲ್ಲ ಸೇರಿ ಎರಡು ದಿನ ತಿರುಗಾಡುತ್ತಾರೆ, ಮೊದಲ ದಿನ ಕಾಪು ಬೀಚು, ಮರುದಿನ ಕಾರ್ಕಳದ ಅತ್ತೂರು ಇಗರ್ಜಿ ಮತ್ತು ಗೊಮ್ಮಟಬೆಟ್ಟ ಎಂದರು. ಎಷ್ಟು ಜನ ಎಂದು ಕೇಳಿದೆ. ಬೆರಳು ಮಡಚಿ ಲೆಕ್ಕ ಕೊಟ್ಟರು. ಕಾಪುವಿನ ಮನೆಯಲ್ಲಿರುವ ಅಣ್ಣ ಸ್ಟ್ಯಾನಿಸ್ಲಾಸ್, ಅತ್ತಿಗೆ ಲೀನಾ, ಅವರ ಮಕ್ಕಳು ಕಾರ್ಲ್ಟನ್ ಮತ್ತು ಶಾರ್ಲೆಟ್. ಕುವೈತಿನಿಂದ ರಜೆಗೆ ಬರುವ ತಮ್ಮ ಆಸ್ಟಿನ್, ಅವನ ಹೆಂಡತಿ, ಇಬ್ಬರು ಸಣ್ಣ ಮಕ್ಕಳು. ಒಟ್ಟು ಎಂಟು. ನಾನೂ ಎಂಟು ಎಂದು ಮನಸ್ಸಿನಲ್ಲಿ ಬರೆದುಕೊಂಡೆ. ಕ್ಯಾಮೆರಾ ಯಾರ ಕೈಯಲ್ಲಿ ಎಂದದ್ದಕ್ಕೆ, ಯಾವಾಗಲೂ ನಾನೇ ಎಂದರು.

ಝೂಮ್ ಇರುವುದನ್ನು ತೋರಿಸಿದೆ, ನೀರಿಗೆ ಬಿದ್ದರೂ ಕೆಡದ್ದನ್ನು ತೋರಿಸಿದೆ. ಯಾವುದನ್ನೂ ಕೈಗೆ ತೆಗೆದುಕೊಳ್ಳಲಿಲ್ಲ. ಕೊನೆಗೆ ಕೇಳಿದರು:

"ತೆಗೆಯುವವಳೂ ಅದರಲ್ಲಿ ಬರುವಂಥದ್ದು ಉಂಟಾ?"

ಟೈಮರ್ ಎಲ್ಲ ಕ್ಯಾಮೆರಾದಲ್ಲೂ ಉಂಟು, ನಿಮ್ಮ ಮೊಬೈಲಿನಲ್ಲೂ ಉಂಟು, ಸುಮ್ಮನೆ ಯಾಕೆ ಖರ್ಚು ಎಂದೆ. ನನ್ನಂಥ ವ್ಯಾಪಾರಿ ಉದ್ಧಾರವಾಗುವುದು ಕಷ್ಟವೇ. ಅವರು ಕೊಡೆಯ ತುದಿಯಿಂದ ತಮ್ಮ ಮೊಣಕಾಲು ತೋರಿಸಿದರು. ಪರೀಕ್ಷೆ ಮಾಡಿಯೇ ಬಿಡುವ ಎಂದು ಒಂದು ಕ್ಯಾಮೆರಾವನ್ನು ಕೌಂಟರ್ ಮೇಲೆ ಇಟ್ಟು, ಹತ್ತು ಸೆಕೆಂಡಿನ ಟೈಮರ್ ಹಾಕಿ, ನಾನು ಬಾಗಿಲ ಹತ್ತಿರ ಹೋಗಿ ನಿಂತೆ. ಅವರು ಬಟನ್ ಒತ್ತಿ ಹೊರಟರು. ಮೊದಲ ಸಲ ಅವರ ಬೆನ್ನು ಬಂತು. ಎರಡನೆಯ ಸಲ ಕಿವಿ ಮತ್ತು ಕೊಡೆ. ಮೂರನೆಯ ಸಲ ಅವಸರ ಮಾಡಿ ಸ್ಟೂಲಿಗೆ ತಾಗಿ ಬೀಳುವುದರಲ್ಲಿದ್ದರು. ಹಿಡಿದು ಕೂರಿಸಿದೆ.

ದಾರಿಯಲ್ಲಿ ಹೋಗುವವರ ಹತ್ತಿರ ತೆಗೆಸಿದರೆ ಆಯಿತಲ್ಲ ಎಂದೆ. ಲೊರ್ನಾ ಇರುವಾಗ ಬೇರೆಯವರಿಗೆ ಯಾಕೆ ತೊಂದರೆ ಎಂದು ಅಣ್ಣ ಬಿಡುವುದಿಲ್ಲವಂತೆ. ಸೆಲ್ಫಿ ತೆಗೆದರೆ ಕಾರ್ಲ್ಟನ್ ಮುಂದೆ, ಇವರು ಎಲ್ಲರ ಹಿಂದೆ ಅರ್ಧ ಹಣೆ. ಇದನ್ನೆಲ್ಲ ನಗುತ್ತಲೇ ಹೇಳಿದರು. ಆಮೇಲೆ ಅವರ ಅಮ್ಮನ ಫೋಟೋದ ಸಂಗತಿ ಬಂತು. ಆಗ ನಗಲಿಲ್ಲ.

ನಮ್ಮ ಕಡೆಯ ಕ್ರೈಸ್ತರ ಮನೆಗಳಲ್ಲಿ ಸಾವಾದಾಗ, ಪೆಟ್ಟಿಗೆ ಮುಚ್ಚುವ ಮೊದಲು ಮನೆಯವರೆಲ್ಲ ಸುತ್ತ ನಿಂತು ಒಂದು ಫೋಟೋ ತೆಗೆಸುವ ಕ್ರಮ ಉಂಟು. ಊರಿಗೆ ಬರಲಾಗದೆ ಮುಂಬಯಿಯಲ್ಲೋ ಗಲ್ಫಿನಲ್ಲೋ ಅಳುತ್ತ ಕೂತವರಿಗೆ ಕಳುಹಿಸಲಿಕ್ಕೆ. ಲೊರ್ನಾ ಬಾಯಿಯ ಅಮ್ಮ ಹೋದದ್ದು ಇವರು ಹಾಸ್ಟೆಲಿಗೆ ಸೇರುವ ಹಿಂದಿನ ವರ್ಷ, ಜೂನ್ ತಿಂಗಳ ಜಡಿಮಳೆಯಲ್ಲಿ. ಹನ್ನೊಂದು ವರ್ಷ ಹಾಸಿಗೆ ಹಿಡಿದಿದ್ದ ಅವರಿಗೆ ಗಂಜಿ ಕುಡಿಸಿ, ಮೈ ಒರೆಸಿ, ಮಗ್ಗುಲು ಬದಲಿಸಿದ್ದು ಇದೇ ಲೊರ್ನಾ. ಆ ದಿನ ಮಳೆಗೆ ಫೋಟೋಗ್ರಾಫರ್ ಬರಲಿಲ್ಲ. ಪಾದ್ರಿಗಳಿಗೆ ಹೊತ್ತಾಗುತ್ತಿತ್ತು. ಸ್ಟ್ಯಾನಿಸ್ಲಾಸ್ ತನ್ನ ಕ್ಯಾಮೆರಾವನ್ನು ತಂಗಿಯ ಕೈಗೆ ಕೊಟ್ಟ. ಆಸ್ಟಿನ್‌ಗೆ ರಜೆ ಸಿಕ್ಕಿರಲಿಲ್ಲ, ಅವನಿಗೆ ಬೇಗ ಕಳುಹಿಸಬೇಕು, ನಿನಗೆ ತೆಗೆಯಲು ಗೊತ್ತುಂಟಲ್ಲ ಎಂದ. ಇವರು ತೆಗೆದರು. ಪೆಟ್ಟಿಗೆ ಮುಚ್ಚಿತು.

ಆ ಫೋಟೋ ಕಾಪುವಿನ ಮನೆಯ ಹಾಲಿನಲ್ಲೂ ಕುವೈತಿನ ಗೋಡೆಯಲ್ಲೂ ತೂಗುತ್ತಿದೆ. ಆಸ್ಟಿನ್‌ನ ಮಗಳು ಒಮ್ಮೆ ವೀಡಿಯೋ ಕಾಲಿನಲ್ಲಿ ಕೇಳಿದಳಂತೆ, ಅಜ್ಜಿ ತೀರಿಕೊಂಡಾಗ ನೀವು ಬಂದಿರಲಿಲ್ಲವಾ ಎಂದು.

"ನನಗೆ ಬೇರೆ ಎಂತದೂ ಬೇಡ," ಎಂದರು ಲೊರ್ನಾ ಬಾಯಿ. "ಅವರ ನಡುವೆ ನಾನೂ ನಿಂತ ಒಂದು ಫೋಟೋ. ಒಂದೇ ಒಂದು ಸಾಕು."

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಸರಿಯಾಗಿ ಹೇಳಲಾರೆ. ಆ ಸಿಟ್ಟಿನಲ್ಲೇ ಕೆಳಗಿನ ಡ್ರಾಯರುಗಳನ್ನೆಲ್ಲ ಕೆದಕಿದಾಗ ಹದಿಮೂರು ವರ್ಷ ಹಳೆಯ ಒಂದು ಬೆಳ್ಳಿ ಬಣ್ಣದ ಕ್ಯಾಮೆರಾ ಸಿಕ್ಕಿತು. ಅದರ ಟೈಮರ್ ಸೆಕೆಂಡು ಎಣಿಸುವುದಿಲ್ಲ, ಮುಖ ಎಣಿಸುತ್ತದೆ. ಬಟನ್ ಒತ್ತುವಾಗ ಎದುರಿಗೆ ಎಷ್ಟು ಮುಖಗಳಿವೆ ಎಂದು ನೋಡಿಕೊಳ್ಳುತ್ತದೆ. ಇನ್ನೊಂದು ಮುಖ ಬಂದು ಸೇರುವ ತನಕ ಸುಮ್ಮನೆ ಕೂತಿರುತ್ತದೆ, ಸೇರಿದ ಕೂಡಲೇ ಕ್ಲಿಕ್. ನಾನು ಮತ್ತೆ ಬಾಗಿಲ ಹತ್ತಿರ ನಿಂತೆ. ಅವರು ಬಟನ್ ಒತ್ತಿ, ಕೊಡೆ ಊರಿಕೊಂಡು ನಿಧಾನವಾಗಿ ಬಂದು, ಕೊಡೆಯನ್ನು ಗೋಡೆಗೆ ಒರಗಿಸಿ, ಸೆರಗು ಸರಿಮಾಡಿ, ತಿರುಗಿ ನಿಂತರು. ಆಗ ಕ್ಲಿಕ್ ಎಂದಿತು. ಫೋಟೋದಲ್ಲಿ ಇಬ್ಬರೂ ಸ್ಪಷ್ಟವಾಗಿ ಬಂದಿದ್ದೆವು. ನನ್ನ ಹೊಟ್ಟೆಯೂ ಸ್ಪಷ್ಟವಾಗಿಯೇ ಬಂದಿತ್ತು.

"ಇದು ಕಾಯುತ್ತದೆ ಅಲ್ವಾ," ಎಂದರು. ಪರದೆಯನ್ನು ಬಹಳ ಹೊತ್ತು ನೋಡಿದರು.

ಒಂದು ಎಚ್ಚರಿಕೆ ಕೊಟ್ಟೆ. ಹೊಸದಾಗಿ ಬಂದ ಮುಖ ಯಾರದೆಂದು ಇದಕ್ಕೆ ಗೊತ್ತಾಗುವುದಿಲ್ಲ. ನಿಮ್ಮನ್ನು ಬಿಟ್ಟು ಉಳಿದವರೆಲ್ಲ ಬಂದು ನಿಂತ ಮೇಲೆಯೇ ಒತ್ತಬೇಕು, ಎಣಿಸಿ ಒತ್ತಿ ಎಂದೆ. ದಿನಾ ನೂರ ಅರವತ್ತು ತಲೆ ಎಣಿಸುವವಳಿಗೆ ಎಣಿಸಲು ಹೇಳಿಕೊಡುತ್ತೀರಾ ಎಂದು ನಕ್ಕು, ಕ್ಯಾಮೆರಾವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದರು.

ಡಿಸೆಂಬರಿನಲ್ಲಿ ಅವರ ನೆನಪು ಎರಡು ಮೂರು ಸಲ ಬಂತು. ಗೊಮ್ಮಟನ ಮುಖವನ್ನೂ ಆ ಕ್ಯಾಮೆರಾ ಎಣಿಸೀತೋ ಏನೋ ಎಂದು ಸೌಮ್ಯಶ್ರೀಗೆ ಹೇಳಿ ನಕ್ಕಿದ್ದೆ. ಜನವರಿಯ ಎರಡನೆಯ ವಾರ ಅವರು ಬಂದರು. ಅದೇ ನೀಲಿ ಸೀರೆ. ಕುಂಟುವುದು ಜಾಸ್ತಿಯಾಗಿತ್ತು. ಕರವಸ್ತ್ರದ ಗಂಟು ಬಿಚ್ಚಿ ಕ್ಯಾಮೆರಾ ಮುಂದಿಟ್ಟರು. ಕಾರ್ಡು ತೆಗೆದು ಕಂಪ್ಯೂಟರಿಗೆ ಹಾಕಿದೆ.

ಕಾಪುವಿನ ದೀಪಸ್ತಂಭದ ಕೆಳಗೆ ಎಂಟು ಜನ. ಅಲೆಯಲ್ಲಿ ಎಂಟು ಜನ. ಅತ್ತೂರು ಇಗರ್ಜಿಯ ಮೆಟ್ಟಿಲಲ್ಲಿ ಎಂಟು ಜನ. ಇವರು ತೆಗೆದ ಚಂದದ ಫೋಟೋಗಳು. ಅಲ್ಲೆಲ್ಲ ಕ್ಯಾಮೆರಾ ಇಡಲು ಜಾಗ ಸಿಗಲಿಲ್ಲ, ಒಬ್ಬರಲ್ಲ ಒಬ್ಬರು ಅವಸರ ಮಾಡಿದರು, ಬೆಟ್ಟದ ಮೇಲೆ ತೆಗೆಯುವ ಎಂದು ಇವರು ಸುಮ್ಮನಾದರು. ಕಾರ್ಕಳದಲ್ಲಿ ಬೆಟ್ಟದ ಬುಡಕ್ಕೆ ಹೋದಾಗ ನೀನು ವ್ಯಾನಿನಲ್ಲೇ ಕೂತುಕೋ, ಆ ಕಾಲಿನಲ್ಲಿ ಹತ್ತಬೇಡ ಎಂದು ಲೀನಾ ಹೇಳಿದರಂತೆ. ಇವರು ಕೇಳದೆ ಬಂಡೆಯಲ್ಲಿ ಕಡಿದ ಆ ಮೆಟ್ಟಿಲುಗಳನ್ನು ಒಂದೊಂದಾಗಿ, ಕೊಡೆ ಊರಿಕೊಂಡು ಹತ್ತಿದರು. ಮೇಲೆ ತಲುಪುವಾಗ ಉಳಿದವರು ಗೊಮ್ಮಟನನ್ನು ನೋಡಿ ಮುಗಿಸಿ ಹೊರಡುವುದರಲ್ಲಿದ್ದರು. ಒಂದು ನಿಮಿಷ ಎಂದು ಎಲ್ಲರನ್ನೂ ಬೇಡಿ ಸಾಲಾಗಿ ನಿಲ್ಲಿಸಿ, ಕ್ಯಾಮೆರಾವನ್ನು ಎದುರಿನ ಕಟ್ಟೆಯ ಮೇಲೆ ಇಟ್ಟು, ಎಣಿಸಿ, ಬಟನ್ ಒತ್ತಿ ಹೊರಟರು.

ಆ ಫೋಟೋ ನನ್ನ ಮುಂದಿತ್ತು. ಏಳು ಜನ ಸಾಲಾಗಿ ನಿಂತಿದ್ದಾರೆ. ಎಡಗಡೆಯಿಂದ ನೀರಿನ ಬಾಟಲಿ ಹಿಡಿದ ಎತ್ತರದ ಯುವಕ ನಗುತ್ತಾ ನುಗ್ಗಿ ಬಂದಿದ್ದಾನೆ. ಅವನೇ ಕಾರ್ಲ್ಟನ್, ಎಲ್ಲೋ ಹಿಂದೆ ಉಳಿದಿದ್ದವನು. ಅವನ ಮುಖ ಬಂದದ್ದೇ ಕ್ಯಾಮೆರಾ ತನ್ನ ಕೆಲಸ ಮುಗಿಸಿತ್ತು. ಬಲ ಅಂಚಿನಲ್ಲಿ ಒಂದು ನೀಲಿ ಸೀರೆಯ ಬೆನ್ನು.

ಇನ್ನೊಮ್ಮೆ ತೆಗೆಯುವ ಎಂದು ಇವರು ಕೇಳಿದರಂತೆ. ಬಂತಲ್ಲ, ಸಾಕು, ಬಿಸಿಲು ಏರಿತು ಎಂದು ಲೀನಾ ಮಕ್ಕಳ ಕೈ ಹಿಡಿದು ಇಳಿದರು. ಅವರ ಹಿಂದೆ ಎಲ್ಲರೂ ಇಳಿದರು. ಆಸ್ಟಿನ್‌ನ ಸಂಸಾರ ಹೊಸ ವರ್ಷದ ಮರುದಿನ ವಿಮಾನ ಹತ್ತಿತು. ಶಾರ್ಲೆಟ್ ಆ ಫೋಟೋವನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ್ದಳು. ಹಾಕುವ ಮೊದಲು ಬಲ ಅಂಚನ್ನು ಕತ್ತರಿಸಿದ್ದಳು. ಫೋಟೋ ಚಂದ ಕಾಣಲೆಂದು ಮಾಡಿದ್ದು, ಪಾಪ, ಆ ಹುಡುಗಿಗೆ ಬೇರೆ ಯೋಚನೆ ಇರಲಿಲ್ಲ ಎಂದು ಲೊರ್ನಾ ಬಾಯಿಯೇ ಅವಳ ಪರ ಮಾತಾಡಿದರು. ಎಲ್ಲರೂ ಕೆಂಪು ಹೃದಯದ ಗುರುತು ಒತ್ತಿದ್ದರು. ಇವರೂ ಒತ್ತಿದ್ದರು.

ನನಗೆ ತಡೆಯಲಾಗಲಿಲ್ಲ. ಎಣಿಸಿ ಒತ್ತಿ ಎಂದು ಅಷ್ಟು ಹೇಳಿದ್ದೆನಲ್ಲ, ಎಣಿಸಲಿಲ್ಲವಾ ಎಂದು ದನಿ ಏರಿಸಿಯೇ ಕೇಳಿದೆ. ಮೊಣಕಾಲು ನೋವಿನಲ್ಲಿ ಅಷ್ಟು ಹತ್ತಿದವರನ್ನು ಹಾಗೆ ಗದರಿಸಬಾರದಿತ್ತು.

"ಎಣಿಸಿದೆ," ಎಂದರು. "ಏಳು ಜನ ನಿಂತಿದ್ದರು. ನಾನು ಹೋದರೆ ಎಂಟು. ನಮ್ಮ ಮನೆಯಲ್ಲಿ ಎಂಟು ಜನ ಅಲ್ವಾ, ಸರಿಯಾಯಿತು ಅಂತ ಒತ್ತಿದೆ."

ನಾನು ಪರದೆಯ ಕಡೆ ತಿರುಗಿ ಮುಖಗಳನ್ನು ಮತ್ತೊಮ್ಮೆ ಎಣಿಸಿದೆ.

"ಇಷ್ಟು ವರ್ಷ ಕ್ಯಾಮೆರಾದ ಹಿಂದಿನಿಂದ ನೋಡಿದ್ದು ಎಂಟೇ ಜನ. ನಾನು ಸೇರಿದರೆ ಒಂಬತ್ತು ಅಂತ ತಲೆಗೆ ಬರಲೇ ಇಲ್ಲ. ನನ್ನನ್ನು ನಾನೇ ಎಣಿಸಲಿಲ್ಲ ಜಿತೇಂದ್ರ, ಇನ್ನು ಅವರಿಗೆ ಎಂತ ಹೇಳುವುದು?"

ನನಗೆ ನವೆಂಬರ್ ನೆನಪಾಯಿತು. ಇದೇ ಕೌಂಟರಿನಲ್ಲಿ ಬೆರಳು ಮಡಚಿ ಎಂಟು ಎಂದಿದ್ದರು. ಎದುರಿಗೆ ನಿಂತಿದ್ದವರನ್ನು ನಾನೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಗಿರಾಕಿಗಳ ಮನೆಮಂದಿಯನ್ನು ಕೇಳಿ ಕೇಳಿ ಕ್ಯಾಮೆರಾ ಆರಿಸಿ ಕೊಡುವವನೆಂದು ಊರಿಡೀ ಹೇಳಿಕೊಂಡು ತಿರುಗುವವನು ನಾನು. ನಾಚಿಕೆಯಾಯಿತು.

ಕ್ಯಾಮೆರಾ ವಾಪಸು ತೆಗೆದುಕೊಳ್ಳುತ್ತೇನೆ ಎಂದೆ. ಅವರು ಬಂದದ್ದು ಅದಕ್ಕಲ್ಲವಂತೆ. ಕಾರ್ಡಿನಲ್ಲಿ ಎಲ್ಲಕ್ಕಿಂತ ಮೊದಲಿನ ಫೋಟೋ ಒಂದು ಉಂಟು, ಅದರದೊಂದು ಪ್ರಿಂಟ್ ಬೇಕು ಎಂದರು. ಹಿಂದಕ್ಕೆ ಹೋಗಿ ನೋಡಿದೆ. ನಮ್ಮ ಅಂಗಡಿಯ ಬಾಗಿಲು, ಗೋಡೆಗೆ ಒರಗಿಸಿದ ಕೊಡೆ, ಪಕ್ಕದಲ್ಲಿ ಸೆರಗು ಸರಿಮಾಡಿಕೊಂಡು ನೇರವಾಗಿ ನೋಡುತ್ತಿರುವ ಲೊರ್ನಾ ಬಾಯಿ, ಅವರ ಪಕ್ಕದಲ್ಲಿ ನಾನು ಮತ್ತು ನನ್ನ ಹೊಟ್ಟೆ. ಅವರ ಮುಖದಲ್ಲಿ ಒಳ್ಳೆಯ ಬೆಳಕಿತ್ತು. ಅವರೊಬ್ಬರದೇ ಪ್ರಿಂಟ್ ಬೇಕಾಗಿರಬಹುದೆಂದು ನನ್ನನ್ನು ಕತ್ತರಿಸಿ ಹಾಕಲು ಮೌಸ್ ಹಿಡಿದೆ.

"ಬೇಡ," ಎಂದರು. "ನೀವು ಇರಿ."

ದೊಡ್ಡ ಅಳತೆಯಲ್ಲಿ ಪ್ರಿಂಟ್ ತೆಗೆದು ಚೌಕಟ್ಟು ಹಾಕಿ ಕೊಟ್ಟೆ. ಹಾಸ್ಟೆಲಿನ ಕೋಣೆಯಲ್ಲಿ, ಮಂಚದ ಎದುರಿನ ಗೋಡೆಗೆ ಹಾಕುತ್ತೇನೆ ಎಂದರು. ಪಕ್ಕದಲ್ಲಿರುವುದು ಯಾರು ಎಂದು ಕೇಳಿದವರಿಗೆ ಎಂತ ಹೇಳುತ್ತೀರಿ ಎಂದು ತಮಾಷೆ ಮಾಡಿದೆ. ಅವರು ಚೌಕಟ್ಟನ್ನು ಕರವಸ್ತ್ರದಿಂದ ಒರೆಸುತ್ತಾ ಸ್ವಲ್ಪ ಯೋಚಿಸಿದರು.

"ನನ್ನ ಕೋಣೆಗೆ ಯಾರೂ ಬರುವುದಿಲ್ಲ," ಎಂದರು.